ವಿಂಡೋಸ್‌ನಲ್ಲಿ ಸರಿ, ಲಿನಕ್ಸ್‌ನಲ್ಲಿ ಯಾಕೆ ತಪ್ಪು ವಿಳಾಸ?

ಪ್ರಶ್ನೆ: ಮೇಡಂ, ನಮ್ಮ ಗೋದಾಮುಗಳ ಸರ್ವರ್‌ಗಳಿಗೆ ದಾಸ್ತಾನು ಲೆಕ್ಕ ಕಳಿಸುವ ಪ್ರೋಗ್ರಾಂ ಸಿ ಭಾಷೆಯಲ್ಲಿದೆ. ಗೋದಾಮಿಗೊಂದು ಥ್ರೆಡ್ (ಪ್ರೋಗ್ರಾಂ ಒಳಗೆ ಉಳಿದವುಗಳ ಜೊತೆಜೊತೆಗೇ ಓಡುವ ಕೆಲಸದ ಎಳೆ). ವಿಂಡೋಸ್‌ನಲ್ಲಿ ತಕರಾರಿರಲಿಲ್ಲ. ಲಿನಕ್ಸ್‌ಗೆ ತಂದ ಮೇಲೆ ಯಾವಾಗಲೋ ಒಮ್ಮೆ ರಾಣೆಬೆನ್ನೂರಿನ ಲೆಕ್ಕ ಚಿತ್ರದುರ್ಗದ ಸರ್ವರ್‌ಗೆ ಹೋಗುತ್ತದೆ. ಡೀಬಗರ್ ಹಾಕಿ ಕೂತರೆ ಎಲ್ಲ ಸರಿಯಾಗೇ ಇರುತ್ತದೆ! ಇನ್ನೊಂದು, ಪ್ರೋಗ್ರಾಂ ನಿಲ್ಲಿಸಲು ಮುಖ್ಯ ಥ್ರೆಡ್‌ನಿಂದ ಸಾಕೆಟ್‌ಗಳನ್ನು (ಸರ್ವರ್ ಜೊತೆಗಿನ ಸಂಪರ್ಕದ ತುದಿಗಳನ್ನು) ಮುಚ್ಚಿದರೆ ವಿಂಡೋಸ್‌ನಲ್ಲಿ ಉಳಿದ ಥ್ರೆಡ್‌ಗಳು ಎಚ್ಚೆತ್ತುಕೊಳ್ಳುತ್ತಿದ್ದವು. ಲಿನಕ್ಸ್‌ನಲ್ಲಿ ಹಾಗೇ ಕಾಯುತ್ತಾ ಕೂರುತ್ತವೆ.
– ಓದುಗ, ದಾವಣಗೆರೆ

ಉತ್ತರ: ಡೀಬಗರ್ ಹಾಕಿದಾಗ ಮಾಯವಾಗುತ್ತದೆ ಅಂದಿರಲ್ಲ, ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಥ್ರೆಡ್‌ಗಳ ಓಟದ ಲಯ ಬದಲಾದರೆ ಅಡಗುವ ದೋಷ ಇದು. ಕಳಿಸಿದ ಕೋಡ್‌ನಲ್ಲಿ, ಸರ್ವರ್‌ನ ಹೆಸರು ಕೊಟ್ಟರೆ ವಿಳಾಸ ಹುಡುಕುವ ‘ಗೆಟ್‌ಹೋಸ್ಟ್‌ಬೈನೇಮ್’ ಕಂಡ ಮೇಲೆ ಉಳಿದರ್ಧವೂ ಸಿಕ್ಕಿತು. ಅದು ಉತ್ತರವನ್ನು ನಿಮ್ಮ ಕೈಗೆ ಕೊಡುವುದಿಲ್ಲ; ಮೆಮೊರಿಯಲ್ಲಿರುವ ತನ್ನದೇ ಬಫರ್‌ನಲ್ಲಿಟ್ಟು, ಆ ಜಾಗ ತೋರಿಸುವ ಪಾಯಿಂಟರ್ ಮಾತ್ರ ಕೊಡುತ್ತದೆ. ವಿಂಡೋಸ್‌ನಲ್ಲಿ ಆ ಬಫರ್ ಥ್ರೆಡ್‌ಗೊಂದು. ಲಿನಕ್ಸ್‌ನ ಸಿ ಲೈಬ್ರರಿಯಾದ ಗ್ಲಿಬ್‌ಸಿಯಲ್ಲಿ ಇಡೀ ಪ್ರೋಗ್ರಾಂಗೆ ಒಂದೇ. ರಾಣೆಬೆನ್ನೂರಿನ ಥ್ರೆಡ್ ಪಾಯಿಂಟರ್ ಪಡೆದು, ಸಂಪರ್ಕ ಜೋಡಿಸುವ ‘ಕನೆಕ್ಟ್’ ಕರೆಯುವಷ್ಟರಲ್ಲಿ ಚಿತ್ರದುರ್ಗದ ಥ್ರೆಡ್ ಅದೇ ಜಾಗದ ಮೇಲೆ ತನ್ನ ವಿಳಾಸ ಬರೆದಿರುತ್ತದೆ.

ಆ ಕರೆಯ ಸುತ್ತ ಒಂದು ಮ್ಯೂಟೆಕ್ಸ್ (ಒಮ್ಮೆಗೆ ಒಂದೇ ಥ್ರೆಡ್ಡನ್ನು ಒಳಗೆ ಬಿಡುವ ಲಾಕ್) ಹಾಕಿ ಅಂತ ಯಾರಾದರೂ ಹೇಳಿಯೇ ಹೇಳುತ್ತಾರೆ. ಹಾಕಬಹುದು, ಆದರೆ ವಿಳಾಸವನ್ನು ನಿಮ್ಮ ಜಾಗಕ್ಕೆ ನಕಲು ಮಾಡಿಕೊಳ್ಳುವ ತನಕ ಲಾಕ್ ಬಿಡುವಂತಿಲ್ಲ. ಬರೀ ಸ್ಟ್ರಕ್ಟ್ (ಉತ್ತರದ ಮಾಹಿತಿಯ ಕಟ್ಟು) ನಕಲಿಸಿದರೂ ಸಾಲದು, ಒಳಗಿರುವುದು ಪಾಯಿಂಟರ್‌ಗಳೇ. ಮೇಲಾಗಿ ನೀವು ಲಿಂಕ್ ಮಾಡಿಕೊಂಡ ಬೇರೆ ಲೈಬ್ರರಿಗೆ ನಿಮ್ಮ ಲಾಕ್‌ನ ಸುಳಿವೇ ಇರುವುದಿಲ್ಲ. ಅದೇ ಕರೆಗೆ ಥ್ರೆಡ್‌ಗಳಿಗೆಂದೇ ಇರುವ ‘_ಆರ್’ ಬಾಲದ ರೂಪ ಬಳಸೋಣವೆಂದರೆ ಲಿನಕ್ಸ್‌ನಲ್ಲಿ ಅದಕ್ಕೆ 6 ಆರ್ಗ್ಯುಮೆಂಟ್ (ಕರೆಯುವಾಗ ಕೊಡುವ ಮೌಲ್ಯ), ಯುನಿಕ್ಸ್ ಬಳಗದ ಸೋಲಾರಿಸ್‌ನಲ್ಲಿ 5, ಎಐಎಕ್ಸ್‌ನಲ್ಲಿ 3. ಒಂದೇ ಹೆಸರಿಗೆ ಮೂರು ಅವತಾರ! ಅವನ್ನೆಲ್ಲ, ವ್ಯವಸ್ಥೆಗೆ ತಕ್ಕ ಕೋಡ್ ಆರಿಸುವ ‘#ಇಫ್‌ಡೆಫ್’ ಒಳಗೆ ತುರುಕಿದ ಕೋಡ್ ಓದುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಗೊತ್ತಿಲ್ಲ.

‘ಗೆಟ್‌ಆ್ಯಡರ್‌ಇನ್ಫೋ’ಗೆ ಬದಲಾಯಿಸಿಬಿಡಿ. ಪ್ರತಿ ಕರೆಗೂ ಬೇರೆಯೇ ಪಟ್ಟಿ ಕೊಡುತ್ತದೆ, ಹೊಸ ಮಾದರಿಯ ಐಪಿವಿ6 ವಿಳಾಸ ಕೂಡ ಬರುತ್ತದೆ, ವಿಂಡೋಸ್ ಎಕ್ಸ್‌ಪಿ ಕಾಲದಿಂದ ಅಲ್ಲೂ ಇದೆ. ಕೆಲಸ ಮುಗಿದ ಮೇಲೆ ಆ ಪಟ್ಟಿಯ ಜಾಗ ಬಿಟ್ಟುಕೊಡುವ ‘ಫ್ರೀಆ್ಯಡರ್‌ಇನ್ಫೋ’ ಮರೆಯಬೇಡಿ. ಹಳೆಯ ‘ಗೆಟ್‌ಹೋಸ್ಟ್‌ಬೈನೇಮ್’ ಅನ್ನು, ಯುನಿಕ್ಸ್ ಬಳಗಕ್ಕೆ ಮಾನದಂಡ ಬರೆಯುವ ಪಾಸಿಕ್ಸ್‌ನವರು 2008ರ ಆವೃತ್ತಿಯಲ್ಲಿ ಕೈಬಿಟ್ಟೇ ಬಿಟ್ಟಿದ್ದಾರೆ. ದೋಷದ ಸಂದೇಶ ಅಚ್ಚು ಹಾಕುವ ‘ಗಾಯ್_ಸ್ಟ್ರ್‌ಎರರ್’ ಮಾತ್ರ ವಿಂಡೋಸ್‌ನಲ್ಲಿ ಥ್ರೆಡ್‌ಗಳಿಗೆ ಸುರಕ್ಷಿತವಲ್ಲ. ಅಲ್ಲಿ ದೋಷದ ಸಂಖ್ಯೆಯನ್ನಷ್ಟೇ ಲಾಗ್‌ಗೆ ಬರೆಯಿರಿ.

ಇನ್ನು ಸಾಕೆಟ್ ಮುಚ್ಚುವ ಸಂಗತಿ. ಲಿನಕ್ಸ್‌ನಲ್ಲಿ ಒಂದು ಥ್ರೆಡ್ ‘ರಿಸೀವ್’ನಲ್ಲಿ ಕಾಯುತ್ತಿರುವಾಗ ಇನ್ನೊಂದು ‘ಕ್ಲೋಸ್’ ಮಾಡಿದರೆ ಕಾಯುವವನಿಗೆ ಸುದ್ದಿಯೇ ಮುಟ್ಟುವುದಿಲ್ಲ. ಅದಕ್ಕಿಂತ ಅಪಾಯದ ಮಾತೆಂದರೆ, ಆ ಡಿಸ್ಕ್ರಿಪ್ಟರ್ ಸಂಖ್ಯೆ (ಸಾಕೆಟ್‌ಗೆ ವ್ಯವಸ್ಥೆ ಕೊಟ್ಟ ಗುರುತಿನ ಸಂಖ್ಯೆ) ತಕ್ಷಣ ಖಾಲಿ. ಲಿನಕ್ಸ್ ಯಾವಾಗಲೂ ಖಾಲಿ ಇರುವ ಅತಿ ಚಿಕ್ಕ ಸಂಖ್ಯೆಯನ್ನೇ ಮುಂದಿನ ಸಾಕೆಟ್‌ಗೋ ಫೈಲ್‌ಗೋ ಕೊಡುತ್ತದೆ. 7ನೇ ಸಾಕೆಟ್ ಮುಚ್ಚಿದ್ದು ಗೊತ್ತಿಲ್ಲದ ಥ್ರೆಡ್ ಮತ್ತೆ 7ಕ್ಕೆ ಬರೆದರೆ, ಅದು ಈಗ ನಿಮ್ಮ ಲಾಗ್ ಫೈಲ್ ಆಗಿದ್ದರೂ ಆಗಿರಬಹುದು.

ನನ್ನ ಹಟ ಇಷ್ಟೇ: ಸಾಕೆಟ್ ಬಳಸುವ ಥ್ರೆಡ್ಡೇ ಅದನ್ನು ಮುಚ್ಚಬೇಕು. ಮುಖ್ಯ ಥ್ರೆಡ್ ‘ನಿಲ್ಲು’ ಎಂಬ ಅಟಾಮಿಕ್ ಫ್ಲ್ಯಾಗ್ (ಹಲವು ಥ್ರೆಡ್‌ಗಳು ಒಟ್ಟಿಗೆ ಮುಟ್ಟಿದರೂ ಕೆಡದ ಗುರುತು) ಎತ್ತಲಿ. ಉಳಿದವು, ಸಾಕೆಟ್‌ಗೆ ಮಾಹಿತಿ ಬಂತೇ ಎಂದು ಕಾಯುವ ‘ಸೆಲೆಕ್ಟ್’ನಲ್ಲಿ ಒಂದೊಂದೇ ಸೆಕೆಂಡು ಕಾದು ಅದನ್ನು ನೋಡುತ್ತಿರಲಿ. ನಿಲ್ಲಲು ಒಂದು ಸೆಕೆಂಡು ತಡವಾದರೆ ಗೋದಾಮಿಗೇನೂ ನಷ್ಟವಿಲ್ಲ. ‘ಸೆಲೆಕ್ಟ್’ನ ಮೊದಲ ಆರ್ಗ್ಯುಮೆಂಟನ್ನು ವಿಂಡೋಸ್ ನೋಡುವುದೇ ಇಲ್ಲ, ಹಾಗಾಗಿ ಅಲ್ಲಿ ಎಲ್ಲರೂ 0 ಹಾಕಿ ಸುಮ್ಮನಿರುತ್ತಾರೆ. ಲಿನಕ್ಸ್‌ನಲ್ಲಿ ಅದು ಅತಿ ದೊಡ್ಡ ಡಿಸ್ಕ್ರಿಪ್ಟರ್‌ಗಿಂತ ಒಂದು ಹೆಚ್ಚಿರಬೇಕು; 0 ಹಾಕಿದರೆ ಯಾವ ಸಾಕೆಟ್ಟನ್ನೂ ಗಮನಿಸುವುದಿಲ್ಲ.