ಕಾದಂಬರಿಯ ನಾಯಕ ಯಾರು ಅಂತ ಗಂಡ ಕೇಳಿದಾಗ

ನಾನು ಆಪ್ತ ಸಲಹೆಗಾರ್ತಿ. ನನ್ನ ಹತ್ತಿರ ಬಂದ ಗಂಡ ಹೆಂಡತಿ ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಹೆಸರು, ವಯಸ್ಸು, ಕೆಲಸ, ಕಥೆಯ ಪಾತ್ರದ ಹೆಸರು ಎಲ್ಲ ಬದಲಿಸಿದ್ದೇನೆ. ಆದರೂ ಇದು ನಮ್ಮ ಪಕ್ಕದ ಮನೆಯವರ ಕಥೆ ಅಂತ ಯಾರಿಗಾದರೂ ಅನಿಸಬಹುದು. ಮುಂಬಯಿ ಕನ್ನಡಿಗರ ಮನೆಗಳೇ ಹಾಗೆ, ಒಂದರ ಕಥೆ ಇನ್ನೊಂದಕ್ಕೆ ಹೊಂದುತ್ತದೆ.

ವಾರಿಜಾ ಅವರಿಗೆ 46 ವರ್ಷ. ಡೊಂಬಿವಲಿಯಲ್ಲಿ ಮನೆ, ದಾದರ್ ಹತ್ತಿರದ ಒಂದು ಕಚೇರಿಯಲ್ಲಿ ಅಕೌಂಟ್ಸ್ ಕೆಲಸ. ಗಂಡ ಉಡುಪಿ ಕಡೆಯವರು. ಹೋಟೆಲೊಂದರಲ್ಲಿ ಗಲ್ಲಾದಲ್ಲಿ ಕೂರುತ್ತಾರೆ, ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಮಗಳು ಕಾಲೇಜಿಗೆ ಹೋಗುತ್ತಾಳೆ. ಜನವರಿ ಕೊನೆಗೆ ನನ್ನ ಹತ್ತಿರ ಬಂದಾಗ ವಾರಿಜಾ ಹೇಳಿದ್ದು ನಿದ್ದೆಯ ವಿಷಯ ಮಾತ್ರ. ನಿದ್ದೆ ಇಲ್ಲ, ತಲೆನೋವು, ಮಗಳ ಮೇಲೆ ಸುಮ್ನೆ ಸುಮ್ನೆ ರೇಗುವುದು. ಮುಟ್ಟು ನಿಲ್ಲುವ ವಯಸ್ಸು ಅಂತ ಅವರೇ ಕಾರಣವನ್ನೂ ಕೊಟ್ಟರು. ಅದೂ ಇರಬಹುದು ಅಂತ ಡಾಕ್ಟರ ಹತ್ತಿರ ತೋರಿಸಿಕೊಳ್ಳಲು ಹೇಳಿದೆ. ಎದ್ದು ಹೊರಡುವ ಹೊತ್ತಿಗೆ ದನಿ ತಗ್ಗಿಸಿ ಒಂದು ಮಾತು ಸೇರಿಸಿದರು: "ನಾನು ಸ್ವಲ್ಪ ಬರೀತೇನೆ ಮೇಡಂ. ಈಗ ಅದೂ ಆಗ್ತಾ ಇಲ್ಲ."

ಆ "ಸ್ವಲ್ಪ" ಅಂದರೆ ಏನು ಅಂತ ಕೇಳಿದೆ. ಕಥೆಗಳ ಒಂದು ಆ್ಯಪ್‌ನಲ್ಲಿ ಮೂರು ವರ್ಷದಿಂದ ಬೇರೆ ಹೆಸರಿನಲ್ಲಿ ಪ್ರೇಮಕಥೆ ಬರೆಯುತ್ತಿದ್ದಾರೆ. ಎರಡು ಕಾದಂಬರಿ ಮುಗಿದಿವೆ, ಮೂರನೆಯದು ನಡೆಯುತ್ತಿದೆ. ದಿನಕ್ಕೊಂದು ಕಂತು. ಸಾವಿರಾರು ಜನ ಓದುತ್ತಾರೆ. ಹೊಸ ವರ್ಷದ ದಿನ ಓದುಗರಿಗೆ ಒಂದು ಮಾತು ಕೊಟ್ಟುಬಿಟ್ಟಿದ್ದರು: ಫೆಬ್ರವರಿ 14ಕ್ಕೆ ಕಾದಂಬರಿ ಮುಗಿಸುತ್ತೇನೆ, ಪ್ರೇಮಿಗಳ ದಿನದಂದೇ ನಾಯಕ ನಾಯಕಿಯ ಮದುವೆ. ಜೊತೆಗೆ ಯಾರಿಗೂ ಹೇಳದ ಇನ್ನೊಂದು ಗುರಿ, ಅಷ್ಟರೊಳಗೆ ಒಂದು ಲಕ್ಷ ಓದು ಆಗಬೇಕು. ಜನವರಿ ಮಧ್ಯದಲ್ಲಿ ಬರವಣಿಗೆ ನಿಂತಿತು. ಆ್ಯಪ್‌ನಲ್ಲಿ "ಮುಂದಿನ ಭಾಗ ಯಾವಾಗ?", "ಎಲ್ಲಿ ಹೋದ್ರಿ ಅಕ್ಕಾ?" ಅನ್ನುವ ಸಾಲುಗಳು ಮಾತ್ರ ಬೆಳೆಯುತ್ತಾ ಹೋದವು.

ಯಾಕೆ ನಿಂತಿತು ಅನ್ನುವುದು ಮುಂದಿನ ಭೇಟಿಯಲ್ಲಿ ಗೊತ್ತಾಯಿತು. ಆ ದಿನ ಗಂಡನೂ ಬಂದರು. ನಾನು ಕರೆದಿರಲಿಲ್ಲ, ಅವರಾಗಿಯೇ ರಜೆ ಹಾಕಿ ಬಂದದ್ದು. ಕುರ್ಚಿಯ ತುದಿಯಲ್ಲಿ ಕೂತು ಹೇಳಿದರು: "ನಾನು ಜಗಳಕ್ಕೆ ಬಂದದ್ದಲ್ಲ ಮೇಡಂ. ಈ ಅನಿರುದ್ಧ ಯಾರು ಅಂತ ಗೊತ್ತಾದರೆ ಸಾಕು."

ಅನಿರುದ್ಧ ಅಂದರೆ ಕಾದಂಬರಿಯ ನಾಯಕ. ಹೆಂಡತಿಯ ಫೋನಿನಲ್ಲಿ ಕಥೆ ಕಣ್ಣಿಗೆ ಬಿದ್ದ ಮೇಲೆ ಇವರು ಎರಡು ರಾತ್ರಿ ಕೂತು 40 ಕಂತು ಓದಿದ್ದರು. ಇಷ್ಟು ಗಮನವಿಟ್ಟು ಓದುವ ಓದುಗ ವಾರಿಜಾಗೆ ಇನ್ನೊಬ್ಬ ಇರಲಿಕ್ಕಿಲ್ಲ. ಅನಿರುದ್ಧ ಬೆಳಗ್ಗೆ ಎದ್ದು ಕಾಫಿ ಮಾಡಿಕೊಡುತ್ತಾನೆ. ಮಳೆ ಬಂದರೆ ಕೊಡೆ ಹಿಡಿದು ಸ್ಟೇಷನ್ನಿಗೆ ಬರುತ್ತಾನೆ. ಅವಳು ಮಾತಾಡುವಾಗ ಫೋನು ಕೆಳಗಿಡುತ್ತಾನೆ. ಇದನ್ನೆಲ್ಲ ಕಂತಿನ ನಂಬರ್ ಸಮೇತ ಹೇಳಿದರು, ಲೆಕ್ಕ ನೋಡುವ ಕೈ ಅಲ್ವಾ.

"31ರಲ್ಲಿ ಬಂಗುಡೆ ಮುಳ್ಳು ಬಿಡಿಸಿ ಅವಳ ಬಟ್ಟಲಿಗೆ ಹಾಕ್ತಾನೆ. ಅಂಥ ಗಂಡಸು ಯಾರಿದ್ದಾನೆ ಮೇಡಂ?"

"ನೀವೇ," ಅಂದರು ವಾರಿಜಾ. "ನನ್ನ ಕೈಗೆ ಪ್ಲಾಸ್ಟರ್ ಹಾಕಿದ್ದಾಗ. ಒಂದೂವರೆ ತಿಂಗಳು."

ಅವರಿಗೆ ಅದು ನೆನಪೇ ಇರಲಿಲ್ಲ. ಸಿನಿಮಾ ಆಗಿದ್ದರೆ ಇಲ್ಲಿಗೆ ಶುಭಂ ಬೀಳಬೇಕಿತ್ತು. ಇವರು ಒಂದು ನಿಮಿಷ ಸುಮ್ಮನಿದ್ದು ಮತ್ತೆ ಕೇಳಿದರು: "ಸರಿ, ಮುಳ್ಳು ಬಿಡಿಸಿದ್ದು ನಾನು. ಕೊಡೆ ಹಿಡಿದದ್ದು ಯಾರು?"

"ಯಾರೂ ಅಲ್ಲ. ಹಿಡಿದಿದ್ದರೆ ಚೆನ್ನಾಗಿತ್ತು ಅಂತ ಬರೆದದ್ದು."

ಇಂಥ ಹೊತ್ತಲ್ಲಿ ಮಾತು ತಣ್ಣಗಾಗಲಿ ಅಂತ "ಅಯ್ಯೋ, ಅದು ಬರೀ ಕಥೆ ತಾನೇ" ಅಂದುಬಿಡುವುದು ಸುಲಭ. ನಾನು ಹಾಗೆ ಹೇಳಲಿಲ್ಲ. ಬರೀ ಕಥೆ ಅಂದರೆ ವಾರಿಜಾ ಮೂರು ವರ್ಷ ರಾತ್ರಿ ಕೂತು ಮಾಡಿದ ಕೆಲಸವನ್ನು ನಾನೂ ಟೈಂಪಾಸ್ ಅಂದಂತಾಗುತ್ತದೆ. ಅದೂ ಅಲ್ಲದೆ ಅದು ಪೂರ್ತಿ ನಿಜವೂ ಅಲ್ಲ. ಪ್ರೇಮಕಥೆ ಬರೆಯುವವರು ತಮ್ಮ ಬಯಕೆಯನ್ನು ಸೇರಿಸಿಯೇ ಬರೆಯುತ್ತಾರೆ. ಅದರಲ್ಲಿ ಒಂದು ಪಾಲು ಮನೆಯ ಬಗೆಗಿನ ದೂರೂ ಇರುತ್ತದೆ. ಗಂಡನಿಗೆ ನಾನು ಹೇಳಿದ್ದು ಇಷ್ಟು: ಬೇಕು ಅನಿಸುವುದು ಮೋಸ ಅಲ್ಲ. ನಿಮ್ಮ ಹೆಂಡತಿಗೆ ಏನು ಬೇಕು ಅಂತ ನಂಬರ್ ಸಮೇತ ನಿಮಗೆ ಗೊತ್ತಾಗಿದೆ, ಎಷ್ಟೋ ಗಂಡಂದಿರಿಗೆ ಆ ಸೌಕರ್ಯ ಇಲ್ಲ. ಹಾಗಂತ ನೀವು ಅನಿರುದ್ಧ ಆಗಬೇಕಾಗಿಲ್ಲ. ರಾತ್ರಿ ಹನ್ನೊಂದೂವರೆಗೆ ಕೆಲಸ ಬಿಟ್ಟು ಬರುವ ಮನುಷ್ಯ ಸಂಜೆ ಏಳಕ್ಕೆ ಸ್ಟೇಷನ್ನಿನಲ್ಲಿ ಕೊಡೆ ಹಿಡಿದು ನಿಲ್ಲುವುದು ಹೇಗೆ? ಅನಿರುದ್ಧನಿಗೆ ಡ್ಯೂಟಿ ಇಲ್ಲ.

ಮೊದಲ ಸಲ ಇಬ್ಬರೂ ನಕ್ಕರು.

ಆಮೇಲೆ ಇಬ್ಬರ ನಡುವೆ ಒಂದು ಕರಾರು ಆಯಿತು. ಮನೆಯಲ್ಲಿ ನಡೆದದ್ದನ್ನು ಕಥೆಗೆ ತೆಗೆದುಕೊಳ್ಳುವ ಮೊದಲು ವಾರಿಜಾ ಕೇಳಬೇಕು. ಬಂಗುಡೆ ಮುಳ್ಳಿಗೆ ಅನುಮತಿ ಸಿಕ್ಕಿತು. ಮನೆ ಸಾಲದ ಜಗಳಕ್ಕೆ ಸಿಗಲಿಲ್ಲ. ಗಂಡನ ಕಡೆಯಿಂದಲೂ ಒಂದು: ಬರೆದು ಮುಗಿಯದ ಕಂತನ್ನು ತೆರೆದು ಓದುವಂತಿಲ್ಲ, ಪ್ರಕಟವಾದ ಮೇಲೆ ಓದಬಹುದು. ಪ್ರೇಮಕಥೆ ಬರೆಯುವ ಯಾರ ಮನೆಯಲ್ಲೂ ಇಂಥದ್ದೊಂದು ಒಪ್ಪಂದ ಬೇಕು ಅಂತ ನನ್ನ ಅಭಿಪ್ರಾಯ. ಬಾಯಿಮಾತಿನದ್ದಾದರೂ ಸಾಕು.

ಗಂಡನ ಪ್ರಶ್ನೆಗೆ ಒಂದು ದಾರಿ ಸಿಕ್ಕಿತು. ಬರವಣಿಗೆಯ ಗಂಟು ಬೇರೆಯೇ ಇತ್ತು. ವಾರಿಜಾ ಇಟ್ಟುಕೊಂಡಿದ್ದ ಗುರಿಗಳನ್ನು ನೋಡಿ. ಒಂದು ಲಕ್ಷ ಓದು ಅನ್ನುವುದು ಅವರ ಕೈಯಲ್ಲಿಲ್ಲ, ಓದುಗರ ಕೈಯಲ್ಲಿದೆ. ಫೆಬ್ರವರಿ 14 ಅನ್ನುವುದು ಕ್ಯಾಲೆಂಡರ್ ಕೊಟ್ಟ ದಿನ, ಕಥೆ ಕೇಳಿದ್ದಲ್ಲ. ಕಂತು ಹಾಕಿದ ಮೇಲೆ ಹತ್ತು ನಿಮಿಷಕ್ಕೊಮ್ಮೆ ಎಷ್ಟು ಜನ ಓದಿದರು ಅಂತ ನೋಡುತ್ತಿದ್ದರು, ಕಚೇರಿಯ ಶೌಚಾಲಯದಲ್ಲೂ. ಇದನ್ನು ಕೇಳಿ ಗಂಡನೇ ಹೇಳಿದರು: "ದೋಸೆಯನ್ನು ಕ್ಷಣಕ್ಕೊಮ್ಮೆ ಮಗುಚಿದರೆ ಅದು ದೋಸೆ ಆಗುದಿಲ್ಲ ಮಾರಾಯ್ತಿ." ಅದಕ್ಕಿಂತ ಚೆನ್ನಾಗಿ ನನಗೆ ಹೇಳಲು ಬರುತ್ತಿರಲಿಲ್ಲ.

ಹಾಗಾಗಿ ಗುರಿಯನ್ನು ಅವರ ಕೈಗೆ ಸಿಗುವಷ್ಟು ಹತ್ತಿರ ತಂದೆವು. ದಿನಕ್ಕೆ 300 ಪದ, ವಾರಕ್ಕೆ 5 ದಿನ. ವಾರಕ್ಕೆ 1,500 ಪದ ಆಯಿತು. 40,000 ಪದದ ಕಾದಂಬರಿಗೆ 27 ವಾರ, ಅಂದರೆ ಆರು ತಿಂಗಳ ಮೇಲೆ ಸ್ವಲ್ಪ. ಹೊಸ ಕಾದಂಬರಿ ಈಗ ಶುರು ಮಾಡಿದರೂ ಚೌತಿಯೊಳಗೆ ಕರಡು ಮುಗಿಯುತ್ತದೆ. ಅಕೌಂಟ್ಸ್‌ನವರಿಗೆ ಈ ಲೆಕ್ಕ ನಾನು ಹೇಳಿಕೊಡಬೇಕಾದ್ದಿಲ್ಲ. ಆದರೂ ಪ್ರೀತಿಯ ವಿಷಯದಲ್ಲಿ ಲೆಕ್ಕ ಹಾಕುವುದು ತಪ್ಪು ಅಂತ ಅವರಿಗೊಂದು ಸಂಕೋಚ ಇತ್ತು. ಬರೆಯುವುದು ಕೆಲಸ, ಕೆಲಸಕ್ಕೆ ಲೆಕ್ಕ ಬೇಕು.

ಯಾವಾಗ ಬರೆಯುವುದು? ಲೋಕಲ್‌ನಲ್ಲಿ ಬರೆಯುತ್ತೇನೆ ಅಂದರು. ಡೊಂಬಿವಲಿಯ ಬೆಳಗಿನ ಗಾಡಿಯಲ್ಲಿ ನಿಲ್ಲಲು ಜಾಗ ಸಿಕ್ಕರೆ ಪುಣ್ಯ, ಕೂರಬೇಕೆಂದರೆ ಕೆಲವರು ಉಲ್ಟಾ ಕಲ್ಯಾಣಕ್ಕೆ ಹೋಗಿ ಬರುತ್ತಾರೆ. ಅಲ್ಲಿ ಬರೆಯುವ ಯೋಜನೆ ಮೂರನೇ ದಿನಕ್ಕೆ ಮುರಿಯುತ್ತದೆ. ಜರ್ಮನಿಯ ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಜರ್ 1999ರಲ್ಲಿ ಒಂದು ಲೇಖನ ಬರೆದರು. ಅದರ ಸಾರ ಸರಳ. "ಬರೆಯುತ್ತೇನೆ" ಅಂತ ನಿಶ್ಚಯ ಮಾಡಿದರೆ ಸಾಲದು. "ಇಂಥದ್ದು ಆದ ಕೂಡಲೇ ಇಂಥದ್ದು ಮಾಡುತ್ತೇನೆ" ಅಂತ ಕಟ್ಟಿಕೊಂಡರೆ ಕೆಲಸ ಶುರುವಾಗುವ ಸಾಧ್ಯತೆ ಜಾಸ್ತಿ. ವಾರಿಜಾ ಕಟ್ಟಿಕೊಂಡದ್ದು ಹೀಗೆ: ರಾತ್ರಿ ಅಡುಗೆಕಟ್ಟೆ ಒರೆಸಿ, ಸಿಲಿಂಡರಿನ ನಾಬ್ ಬಂದ್ ಮಾಡಿದ ಕೂಡಲೇ ಅಲ್ಲೇ ಸ್ಟೂಲ್ ಎಳೆದು ಕೂರುವುದು. ಗಂಡ ಬರುವವರೆಗೆ ಒಂದು ಗಂಟೆ ಸಿಗುತ್ತದೆ. 300 ಪದಕ್ಕೆ ಧಾರಾಳ ಆಯಿತು.

ಲೋಕಲ್‌ಗೆ ಬೇರೆ ಕೆಲಸ ಕೊಟ್ಟೆ. ಅಲ್ಲಿ ಬರೆಯುವುದು ಬೇಡ, ನೋಡಿ ಬನ್ನಿ ಅಂದೆ. ದಿನಕ್ಕೆ ಒಂದು, ಕಣ್ಣಿಗೆ ಬಿದ್ದ ಪ್ರೀತಿ, ಎರಡೇ ಸಾಲು, ಸಣ್ಣ ನೋಟ್‌ಬುಕ್ಕಿನಲ್ಲಿ. ಪ್ರೇಮಿಗಳ ದಿನಕ್ಕೆ ವಿಶೇಷ ಕಂತು ಬರೆಯಲು ಆಗಲಿಲ್ಲವಲ್ಲ ಅಂತ ಅವರಿಗೆ ಕೊರಗಿತ್ತು. ಪ್ರೀತಿಯನ್ನು ಸಂಭ್ರಮಿಸಬೇಕೆಂದರೆ ಹೀಗೆ ನೋಡಿ ಬರೆದಿಡುವುದೂ ಒಂದು ಸಂಭ್ರಮವೇ ಅಲ್ವಾ? ಎರಡು ವಾರದ ನಂತರ ಆ ನೋಟ್‌ಬುಕ್ ನನಗೆ ತೋರಿಸಿದರು. ಹೆಂಗಸರ ಡಬ್ಬಕ್ಕೂ ಪಕ್ಕದ ಜನರಲ್ ಡಬ್ಬಕ್ಕೂ ನಡುವೆ ಕಬ್ಬಿಣದ ಜಾಲರಿ ಇರುತ್ತದೆ. ಆ ಕಡೆ ಒಬ್ಬ, ಈ ಕಡೆ ಒಬ್ಬಳು, ಠಾಣೆಯಿಂದ ಘಾಟ್‌ಕೋಪರ್‌ವರೆಗೆ ಜಾಲರಿಗೆ ಮುಖ ಒತ್ತಿ ಮಾತು. ಘಾಟ್‌ಕೋಪರ್ ಬರುವಾಗ ಅವನು ಜಾಲರಿಯ ತೂತಿನಿಂದ ಒಂದೊಂದೇ ಕಡಲೆಬೀಜ ತೂರಿಸುತ್ತಿದ್ದ, ಅವಳು ಅಂಗೈ ಚಾಚಿದ್ದಳು. ಇನ್ನೊಂದು ಪುಟದಲ್ಲಿ ದಾದರ್ ಹೂವಿನ ಮಾರ್ಕೆಟ್. ಮುದುಕರೊಬ್ಬರು ಚೌಕಾಸಿ ಮಾಡಿ ಮೊಳ ಮಲ್ಲಿಗೆ ಕೊಂಡು, ಹೆಂಡತಿ ಬೈಯುತ್ತಾರೆ ಅಂತ ಹೂವಿನವಳಿಗೆ ಹೇಳಿ ನಗುತ್ತಾರೆ. ಅನಿರುದ್ಧನ ಕೊಡೆಗಿಂತ ಈ ಕಡಲೆಬೀಜ ಎಷ್ಟೋ ಮೇಲು ಅಂತ ನನಗನಿಸಿತು, ಹೇಳಿಯೂ ಹೇಳಿದೆ. ಸಲಹೆಗಾರ್ತಿ ಸಾಹಿತ್ಯ ವಿಮರ್ಶೆ ಮಾಡಬಾರದು ಅನ್ನುತ್ತಾರೆ. ಇರಲಿ.

ಸಿಟ್ಟಿಗೆ ಬೇರೆ ಜಾಗ ಬೇಕಿತ್ತು. ಕಳೆದ ಕೆಲವು ಕಂತುಗಳಲ್ಲಿ ನಾಯಕಿ ಕಾರಣ ಇಲ್ಲದೆ ಎಲ್ಲರ ಮೇಲೂ ಕೂಗಾಡುತ್ತಿದ್ದಳು, ಓದುಗರೂ ಕೇಳಿದ್ದರು. ಅಮೆರಿಕದ ಮನಶ್ಶಾಸ್ತ್ರಜ್ಞ ಜೇಮ್ಸ್ ಪೆನ್‌ಬೇಕರ್ 1986ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ಮನಸ್ಸಿಗೆ ನೋವಾದ ವಿಷಯವನ್ನು ದಿನಕ್ಕೆ 15 ನಿಮಿಷದಂತೆ 4 ದಿನ ಬರೆದರು. ಬರೆದ ಕೂಡಲೇ ಮನಸ್ಸು ಭಾರವಾಗಬಹುದು, ಪ್ರಯೋಜನ ಕಾಣುವುದು ನಿಧಾನಕ್ಕೆ. ವಾರಿಜಾ ಅದನ್ನು ಬಿಡಿ ಹಾಳೆಯಲ್ಲಿ ಮಾಡಿದರು, ಹರಿದು ಹಾಕಿದರು. ಅದರಲ್ಲಿ ಏನಿತ್ತು ಅಂತ ನಾನು ಕೇಳಲಿಲ್ಲ. ನಿದ್ದೆಯ ಮೇಲೆ ಮಾತ್ರ ಕಣ್ಣಿಟ್ಟಿದ್ದೆ. ಎರಡು ವಾರ ದಾಟಿಯೂ ನಿದ್ದೆ ಸರಿಹೋಗದೆ, ಯಾವುದರಲ್ಲೂ ಮನಸ್ಸಿಲ್ಲ ಅನ್ನುವಂತಿದ್ದರೆ ಮನೋವೈದ್ಯರಿಗೆ ತೋರಿಸಲೇಬೇಕು ಅಂತ ಮೊದಲೇ ಹೇಳಿದ್ದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ರ ನಂಬರನ್ನೂ ಕೊಟ್ಟೆ, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು. ಅದೃಷ್ಟಕ್ಕೆ ನಿದ್ದೆ ನಿಧಾನಕ್ಕೆ ಮರಳಿತು.

ದಿನಕ್ಕೊಂದು ಕಂತನ್ನು ವಾರಕ್ಕೆರಡು ಮಾಡಿ ಅಂದಾಗ ಮಾತ್ರ ಅವರು ಗಟ್ಟಿಯಾಗಿ ವಾದಿಸಿದರು. ಓದುಗರು ಬಿಟ್ಟು ಹೋಗುತ್ತಾರೆ ಅನ್ನುವ ಹೆದರಿಕೆ. ಅವರ ತಾಯಿ ಊರಿನಲ್ಲಿ ವಾರಪತ್ರಿಕೆಗೆ ಕಾಯುತ್ತಿದ್ದರಂತೆ. 'ಸುಧಾ' ಶುರುವಾದದ್ದು 1965ರಲ್ಲಿ, 'ತರಂಗ' 1983ರಲ್ಲಿ. ಧಾರಾವಾಹಿಯ ಕೊನೆಗೆ "ಮುಂದುವರಿಯುವುದು" ಅಂತ ಬಿದ್ದರೆ ಆ ತಲೆಮಾರು ಏಳು ದಿನ ಕಾಯುತ್ತಿತ್ತು, ಬೈಯುತ್ತಲೇ ಕಾಯುತ್ತಿತ್ತು. ಈಗಿನವರು ಮೂರು ದಿನ ಕಾಯಲಾರರಾ? ಕೆಲವರು ಕಾಯಲಿಲ್ಲ ಅನ್ನುವುದನ್ನೂ ಹೇಳಬೇಕು. ಫಾಲೋವರ್ಸ್ ಕಡಿಮೆಯಾದರು, ವಾರಿಜಾಗೆ ಅದು ನೋವಾಯಿತು. ಆ ನೋವನ್ನು ನಾನು ಸಣ್ಣದು ಮಾಡಿ ಹೇಳಲಿಲ್ಲ.

ಇನ್ನೊಂದು ಮಾತು ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಒಂದು ಸಾಹಿತ್ಯ ಸಭೆಯಲ್ಲಿ ಯಾರೋ "ಹೆಂಗಸರ ಲವ್ ಸ್ಟೋರಿ" ಅಂತ ಮೂಗು ಮುರಿದಿದ್ದರಂತೆ. ಜೊತೆಗೆ ತನ್ನದೇ ಅಳುಕು: ಮಗಳಿಗೆ ಸಂಬಂಧ ನೋಡುವ ವಯಸ್ಸಿನಲ್ಲಿ ನಾನು ಪ್ರೇಮ ಬರೆಯುವುದಾ? ಎಂ.ಕೆ. ಇಂದಿರಾ ಹುಟ್ಟಿದ್ದು 1917ರಲ್ಲಿ, ಅವರ ಮೊದಲ ಕಾದಂಬರಿ ಬಂದದ್ದು 1963ರಲ್ಲಿ. ಲೆಕ್ಕ ಹಾಕಿ ಅಂದೆ. ಹಾಕಿದರು. "ನನ್ನದೇ ವಯಸ್ಸು," ಅಂದರು. ಕಾದಂಬರಿಕಾರ್ತಿ ತ್ರಿವೇಣಿಯವರು ನನ್ನ ಹಾಗೆ ಮನಶ್ಶಾಸ್ತ್ರ ಓದಿದವರು ಅಂತಲೂ ಸೇರಿಸಿದೆ, ಅದರಲ್ಲಿ ನನ್ನದೂ ಸ್ವಲ್ಪ ಜಂಭ ಇತ್ತು.

ಈಗ ಕಾದಂಬರಿ ವಾರಕ್ಕೆರಡು ಕಂತಿನಂತೆ ಹೋಗುತ್ತಿದೆ. ಫೆಬ್ರವರಿ 14ಕ್ಕೆ ಮದುವೆ ಆಗಲಿಲ್ಲ. ಮಳೆಗಾಲದಲ್ಲಿ ಆಗಬಹುದಂತೆ. ಗಂಡನಿಗೆ ಅನಿರುದ್ಧ ಇನ್ನೂ ಇಷ್ಟವಿಲ್ಲ. ತೀರಾ ಒಳ್ಳೆಯವನು, ನಂಬಲಿಕ್ಕಾಗುವುದಿಲ್ಲ ಅನ್ನುತ್ತಾರೆ. ಓದುಗನಾಗಿ ಆ ದೂರು ಸರಿಯಾದದ್ದೇ, ವಾರಿಜಾ ಅವನಿಗೀಗ ಒಂದಿಷ್ಟು ಸಿಡುಕು ಸೇರಿಸಿದ್ದಾರೆ. ಕೊನೆಯ ಭೇಟಿಯಲ್ಲಿ ಕೇಳಿದ್ದು, ಪುಸ್ತಕ ಮಾಡಿಸುವಾಗ ಸ್ವಂತ ಹೆಸರು ಹಾಕಿಕೊಳ್ಳಲಾ ಅಂತ. ಕರಡು ಮುಗಿಯುವವರೆಗೆ ಆ ಪ್ರಶ್ನೆಯನ್ನು ಮುಟ್ಟಬೇಡಿ, ಮುಗಿದ ಮೇಲೆ ಮೊದಲು ಮಗಳ ಹತ್ತಿರ ಮಾತಾಡಿ ಅಂದಿದ್ದೇನೆ. ಮಗಳಿಗೆ ಇದ್ಯಾವುದೂ ಗೊತ್ತಿಲ್ಲ ಅಂತ ತಾಯಿ ನಂಬಿದ್ದಾರೆ. ಗಂಡ ಮಾತ್ರ ನಾನು ಅದನ್ನು ಹೇಳುವಾಗ ನೆಲ ನೋಡಿ ನಗುತ್ತಿದ್ದರು.