ನಿಮ್ಮ ನಾಯಕಿಗೆ ಗೆಲುವು ತುಂಬ ಬೇಗ ಸಿಕ್ಕಿಬಿಟ್ಟಿದೆ

ಪ್ರಿಯ ಲೇಖಕಿಯವರಿಗೆ ನಮಸ್ಕಾರ.

ನಿಮ್ಮ ಕಾದಂಬರಿಯ ಹಸ್ತಪ್ರತಿಯನ್ನು ಪೂರ್ತಿ ಓದಿದೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ, ನೀವು ಅದಕ್ಕಾಗಿಯೇ ಕಾಯುತ್ತಿರುತ್ತೀರಿ. ಈಗಿರುವ ರೂಪದಲ್ಲಿ ಇದನ್ನು ನಾವು ಪ್ರಕಟಿಸುವುದಿಲ್ಲ. ಆದರೆ ನಾಲ್ಕನೆಯ ಅಧ್ಯಾಯವನ್ನು ಬರೆದ ಕೈ ಇಡೀ ಕಾದಂಬರಿಯನ್ನು ಮತ್ತೊಮ್ಮೆ ಬರೆಯಬೇಕೆಂಬ ಆಸೆ ನನ್ನದು. ಅದಕ್ಕೇ ಈ ಪತ್ರ ಇಷ್ಟು ಉದ್ದವಾಯಿತು.

‘ಬೇಸಿಗೆ ಮುಗಿಯುವ ಹೊತ್ತಿಗೆ ಹೆಣ್ಣುಮಕ್ಕಳು ಓದಿ ಸ್ಫೂರ್ತಿ ಪಡೆಯುವಂಥ ಹಗುರವಾದ ಕಾದಂಬರಿ’ ಎಂದು ನೀವು ಜೊತೆಗಿಟ್ಟ ಪತ್ರದಲ್ಲಿ ಬರೆದಿದ್ದೀರಿ. ಅಂಥ ಬರಹದ ಬಗ್ಗೆ ನನಗೆ ಕಿಂಚಿತ್ತೂ ತಾತ್ಸಾರವಿಲ್ಲ. ಬಾಲವಿಧವೆಯಾಗಿದ್ದ ನಂಜನಗೂಡು ತಿರುಮಲಾಂಬ 1913ರಲ್ಲಿ ತಮ್ಮ ಮೊದಲ ಕಾದಂಬರಿಯನ್ನು ಹೊರತಂದದ್ದೂ ಹೆಣ್ಣುಮಕ್ಕಳು ಓದಿ ಬದುಕಿಗೆ ಏನಾದರೂ ಪಡೆಯಲಿ ಎಂದೇ. ಮನೆಯೊಳಗಿನ ಹೆಂಗಸರಿಗಾಗಿ ಬರೆಯುವುದು ಕನ್ನಡದಲ್ಲಿ ನೂರು ವರ್ಷ ದಾಟಿದ ಗೌರವದ ಕೆಲಸ. ಹಾಗಾಗಿ ನಿಮ್ಮ ಉದ್ದೇಶವನ್ನು ನಾನು ಪ್ರಶ್ನಿಸುತ್ತಿಲ್ಲ. ಆ ಉದ್ದೇಶಕ್ಕೆ ನಿಮ್ಮ ಕಾದಂಬರಿ ತಕ್ಕಷ್ಟು ದುಡಿದಿಲ್ಲ ಎನ್ನುವುದಷ್ಟೇ ನನ್ನ ದೂರು.

ಕಥೆ ಹೀಗಿದೆ. ತೀರ್ಥಹಳ್ಳಿ ಬಳಿಯ ಹಳ್ಳಿಯೊಂದರ ಸೊಸೆ ಶಾರದೆ, ಗಂಡನ ಹೊಡೆತ ತಾಳಲಾರದೆ ಮೇ ತಿಂಗಳ ಕೊನೆಯಲ್ಲಿ ಮಗಳ ಕೈಹಿಡಿದು ಶಿವಮೊಗ್ಗಕ್ಕೆ ಬರುತ್ತಾಳೆ. ಹಲಸಿನಕಾಯಿ ಹಪ್ಪಳ ಮಾಡಿ ಮಾರತೊಡಗುತ್ತಾಳೆ. ಕಾಲೇಜಿನಲ್ಲಿ ಜೊತೆಗೆ ಓದಿದ್ದ ಅಧಿಕಾರಿಯೊಬ್ಬ ಸಿಗುತ್ತಾನೆ, ಸಾಲ ಮಂಜೂರಾಗುತ್ತದೆ. ವರ್ಷದೊಳಗೆ ಹಪ್ಪಳ ದುಬೈಗೆ ಹೋಗುತ್ತದೆ. ಕೊನೆಗೆ ಬೆಂಗಳೂರಿನ ವೇದಿಕೆಯಲ್ಲಿ ಪ್ರಶಸ್ತಿ, ಸಭೆಯ ಹಿಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುವ ಗಂಡ, ಕ್ಷಮೆ.

ಈಗ ನಾಲ್ಕನೆಯ ಅಧ್ಯಾಯಕ್ಕೆ ಬರುತ್ತೇನೆ. ಶಾರದೆ ಇನ್ನೂ ಗಂಡನ ಮನೆಯಲ್ಲಿರುವಾಗ ಅಂಗಳದಲ್ಲಿ ನಡೆಯುವ ಹಪ್ಪಳದ ದಿನ ಅದು. ಮೇಣ ಅಂಟದಂತೆ ಕೈಗೂ ಕತ್ತಿಗೂ ಕೊಬ್ಬರಿ ಎಣ್ಣೆ ಸವರಿಕೊಳ್ಳುವುದು, ಬಲಿತರೂ ಹಣ್ಣಾಗದ ಕಾಯಿಯನ್ನೇ ಆರಿಸುವುದು, ತೊಳೆ ಬಿಡಿಸಿ ಹಬೆಯಲ್ಲಿ ಬೇಯಿಸಿ ಬಿಸಿ ಆರುವ ಮೊದಲೇ ಒರಳಿಗೆ ಹಾಕುವುದು, ಹಿಟ್ಟಿನ ಉಂಡೆ ಕದ್ದು ಓಡುವ ಮಗಳು, ಚಾಪೆಯ ಮೇಲೆ ಸಾಲಾಗಿ ಹರಡಿದ ಹಪ್ಪಳ. ಅತ್ತೆ ಹಿಟ್ಟನ್ನು ಎರಡು ಬೆರಳಿನಲ್ಲಿ ಹಿಸುಕಿ, ರುಚಿ ನೋಡದೆಯೇ ‘ಉಪ್ಪು ಕಡಿಮೆ’ ಎನ್ನುತ್ತಾಳಲ್ಲ, ಆ ಸಾಲಿನ ಪಕ್ಕ ನಾನು ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದೇನೆ. ಆ ಹನ್ನೊಂದು ಪುಟಗಳಲ್ಲಿ ಒಂದು ಉಪದೇಶವೂ ಇಲ್ಲ. ಶಾರದೆ ಎಂಥ ಹೆಂಗಸು, ಅವಳ ಕೈಗೆ ಏನು ಗೊತ್ತು, ಆ ಮನೆಯಲ್ಲಿ ಅವಳಿಗೆ ಯಾವುದು ಪ್ರಿಯವಾಗಿತ್ತು ಎಂಬುದೆಲ್ಲ ಹೇಳದೆಯೇ ತಿಳಿಯುತ್ತದೆ.

ಆರನೆಯ ಅಧ್ಯಾಯದಿಂದಾಚೆ ಆ ಕೆಲಸವೇ ಮಾಯವಾಗುತ್ತದೆ. ‘ಹಗಲಿರುಳು ದುಡಿದಳು’ ಎಂಬ ವಾಕ್ಯ ಬರುತ್ತದೆ, ದುಡಿತ ಕಾಣುವುದಿಲ್ಲ. ಒಂದು ಹಲಸಿನಕಾಯಿಗೆ ಆಕೆ ಎಷ್ಟು ಕೊಟ್ಟಳು? ಒಂದು ಕಾಯಿಗೆ ಎಷ್ಟು ಹಪ್ಪಳ ಬಂತು, ಎಷ್ಟು ಮುರಿದು ಹೋಯಿತು? ಸೌದೆಯೋ ಗ್ಯಾಸೋ? ಬಾಡಿಗೆ ಕೋಣೆಯ ಮಾಲೀಕರು ತಾರಸಿಯಲ್ಲಿ ಒಣಗಿಸಲು ಬಿಟ್ಟರೇ? ಮೊದಲ ಗಿರಾಕಿ ಯಾರು, ಬೆಲೆ ಕೇಳಿ ಎದ್ದುಹೋದವರು ಯಾರು? ಇದ್ಯಾವುದನ್ನೂ ಹೇಳದೆ ನೀವು ನೇರವಾಗಿ ದುಬೈಗೆ ಹಾರಿದ್ದೀರಿ.

ಲಿಜ್ಜತ್ ಪಾಪಡ್‌ನ ಆರಂಭದ ಕಥೆ ನಿಮಗೆ ತಿಳಿದೇ ಇರುತ್ತದೆ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಮಂದಿ ಗೃಹಿಣಿಯರು ಎಂಬತ್ತು ರೂಪಾಯಿ ಸಾಲ ಪಡೆದು ತಾವಿದ್ದ ಕಟ್ಟಡದ ತಾರಸಿಯ ಮೇಲೆ ಶುರುಮಾಡಿದರು. ಮೊದಲ ದಿನ ಆದದ್ದು ನಾಲ್ಕು ಪೊಟ್ಟಣ. ಸಂಸ್ಥೆ ಎಷ್ಟು ಕೋಟಿಯ ವಹಿವಾಟು ಮಾಡುತ್ತದೆ ಎಂದು ಕೇಳಿದವರು ಅದನ್ನು ಮರೆಯಬಹುದು. ಆ ಎಂಬತ್ತು ರೂಪಾಯಿಯನ್ನೂ ನಾಲ್ಕು ಪೊಟ್ಟಣವನ್ನೂ ಮರೆಯುವುದಿಲ್ಲ. ಕೇಳುವ ಹೆಂಗಸು ತನ್ನ ಕೈಯಲ್ಲಿರುವುದನ್ನು ಅದರ ಪಕ್ಕ ಇಟ್ಟು ನೋಡಬಲ್ಲಳು. ಕೋಟಿಯ ಪಕ್ಕ ಇಡಲು ಅವಳ ಬಳಿ ಏನೂ ಇರುವುದಿಲ್ಲ. ನಿಮ್ಮ ಕಾದಂಬರಿಗೆ ಬೇಕಾದದ್ದು ಆ ನಾಲ್ಕು ಪೊಟ್ಟಣ.

ಇನ್ನೊಂದು ದೊಡ್ಡ ತಪ್ಪಿದೆ, ಅದರೊಳಗೇ ನಿಮ್ಮ ಕಾದಂಬರಿ ಅಡಗಿದೆ. ಶಾರದೆ ತನ್ನ ಮೊದಲ ಸಾವಿರ ಹಪ್ಪಳವನ್ನು ಜುಲೈ ತಿಂಗಳಲ್ಲಿ ಒಣಗಿಸುತ್ತಾಳೆ. ಶಿವಮೊಗ್ಗದ ಜುಲೈ ಹೇಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಹೊತ್ತಿಗೆ ಹಪ್ಪಳಕ್ಕೆ ಬೇಕಾದ ಕಾಯಿ ಹಣ್ಣಾಗಿ ನೀರು ತುಂಬಿಕೊಂಡಿರುತ್ತದೆ, ಬಿಸಿಲಂತೂ ಇಲ್ಲವೇ ಇಲ್ಲ. ಓದುವ ಮಲೆನಾಡಿನ ಹೆಂಗಸು ಅಲ್ಲೇ ಪುಸ್ತಕ ಮುಚ್ಚುತ್ತಾಳೆ. ಆದರೆ ಯೋಚಿಸಿ: ಮುಂಗಾರು ವಾಡಿಕೆಯಂತೆ ಜೂನ್ ಮೊದಲ ವಾರ ನಮ್ಮ ಕರಾವಳಿ ಮುಟ್ಟುತ್ತದೆ. ಮೇ ಕೊನೆಯಲ್ಲಿ ಮನೆ ಬಿಟ್ಟ ಶಾರದೆಯ ಕೈಯಲ್ಲಿ ಉಳಿದಿರುವುದು ಕೆಲವೇ ದಿನಗಳ ಬಿಸಿಲು, ಅದೂ ಮಧ್ಯಾಹ್ನದ ಗುಡುಗುಮಳೆ ಬಿಟ್ಟುಕೊಟ್ಟಷ್ಟು. ಅಷ್ಟರಲ್ಲಿ ಆಕೆ ಕಾಯಿ ಹೊಂದಿಸಿ, ಹಪ್ಪಳ ಒತ್ತಿ, ಒಣಗಿಸಿ, ಡಬ್ಬಕ್ಕೆ ತುಂಬಿಕೊಂಡರೆ ಮಳೆಗಾಲವಿಡೀ ಮಾರಬಹುದು. ಇಲ್ಲದಿದ್ದರೆ ಮುಂದಿನ ಬೇಸಿಗೆಯವರೆಗೆ ಬೇರೆಯವರ ಮನೆಯ ಪಾತ್ರೆ ತೊಳೆಯಬೇಕು. ಬೇಸಿಗೆಯ ಕೊನೆ ನಿಮ್ಮ ಪತ್ರದಲ್ಲಿದೆ, ಕಾದಂಬರಿಯಲ್ಲಿ ಇಲ್ಲ. ಇಡೀ ಕಥೆಯನ್ನು ಆ ಕೆಲವೇ ದಿನಗಳಲ್ಲಿ ನಡೆಸಿ. ಪ್ರತಿ ಅಧ್ಯಾಯದಲ್ಲೂ ಶಾರದೆ ಆಕಾಶ ನೋಡಲಿ. ಮುನ್ನೂರು ಪುಟ ನೂರೈವತ್ತಕ್ಕೆ ಇಳಿದರೂ ನಷ್ಟವಿಲ್ಲ.

ಮನೆ ಬಿಡುವ ದೃಶ್ಯವನ್ನೂ ಹೀಗೆಯೇ ಹತ್ತಿರದಿಂದ ನೋಡಿ. ಬಸ್ ಚಾರ್ಜಿಗಾಗಿ ಆಕೆ ಬಳೆ ಮಾರುತ್ತಾಳೆ ಎಂದಿದ್ದೀರಿ. ಕಥೆ ನಡೆಯುವುದು ಹೋದ ವರ್ಷ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಡಿ ಸಾರಿಗೆ ಸಂಸ್ಥೆಯ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದ ಮಹಿಳೆಯರಿಗೆ ಟಿಕೆಟ್ ಹಣವಿಲ್ಲ. ಆದರೆ ನಿಮ್ಮ ಭಾಗದಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಅವುಗಳಲ್ಲಿ ದುಡ್ಡು ಕೊಡಬೇಕು. ಹಾಗಾದರೆ ಶಾರದೆ ಒಂದಾದಮೇಲೊಂದು ಖಾಸಗಿ ಬಸ್ಸನ್ನು ಬಿಟ್ಟು ಕೆಂಪು ಬಸ್ಸಿಗಾಗಿ ನಿಂತಿರಬೇಕಲ್ಲವೇ, ಯಾರಾದರೂ ಪರಿಚಯದವರು ಬಂದು ‘ಎಲ್ಲಿಗೆ ಹೊರಟೆ’ ಎಂದು ಕೇಳಿಬಿಟ್ಟಾರೆಂಬ ಭಯದಲ್ಲಿ? ಟಿಕೆಟಿಗೆ ಗುರುತಿನ ಚೀಟಿ ತೋರಿಸಬೇಕು. ಆಧಾರ್ ಕಾರ್ಡು ಗಂಡನ ಕಪಾಟಿನಲ್ಲಿತ್ತೇ? ಬೀಗದ ಕೈ ಯಾರ ಸೊಂಟದಲ್ಲಿತ್ತು? ಬಳೆ ಮಾರುವ ದೃಶ್ಯವನ್ನು ನಾವು ಎಷ್ಟೋ ಸಲ ಓದಿದ್ದೇವೆ. ಕಪಾಟಿನಿಂದ ಆಧಾರ್ ಕಾರ್ಡು ತೆಗೆದುಕೊಳ್ಳುವ ದೃಶ್ಯವನ್ನು ನೀವೇ ಮೊದಲು ಬರೆಯಬಹುದು.

ಮಗಳ ಶಾಲೆಯ ಪ್ರಸ್ತಾಪವೇ ಇಲ್ಲದಿರುವುದು ನನಗೆ ಅಚ್ಚರಿ ತಂದಿತು. ಮೇ ಕೊನೆಯಲ್ಲಿ ಶಾಲೆ ತೆರೆಯುತ್ತದೆ. ಎಂಟು ವರ್ಷದ ಹುಡುಗಿಯನ್ನು ಹೊಸ ಊರಿನಲ್ಲಿ ಸೇರಿಸಬೇಕು, ವರ್ಗಾವಣೆ ಪತ್ರ ಹಳೆಯ ಶಾಲೆಯಲ್ಲಿದೆ, ಅಲ್ಲಿಗೆ ಹೋದರೆ ಗಂಡನಿಗೆ ಸುದ್ದಿ ಮುಟ್ಟುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಆ ಪತ್ರ ಬರುವುದು ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಇದನ್ನು ಶಾರದೆಗೆ ಯಾರು ಹೇಳಿದರು? ಮುಖ್ಯೋಪಾಧ್ಯಾಯರ ಮೇಜಿನೆದುರು ಅವಳು ಅದನ್ನು ಎತ್ತಿ ಹೇಳುವ ಕ್ಷಣ, ವೇದಿಕೆಯ ಮೇಲಿನ ನಿಮ್ಮ ಎರಡು ಪುಟದ ಭಾಷಣಕ್ಕಿಂತ ಓದುವವಳಿಗೆ ಹೆಚ್ಚು ಧೈರ್ಯ ಕೊಡುತ್ತದೆ.

ಅಧಿಕಾರಿ ಮಿತ್ರನನ್ನು ತೆಗೆದುಹಾಕಿ. ಅವನು ಬಂದ ಕೂಡಲೇ ಶಾರದೆ ಕೆಲಸ ಮಾಡುವುದನ್ನು ಬಿಟ್ಟು ಕೃತಜ್ಞತೆ ಸಲ್ಲಿಸಲು ತೊಡಗುತ್ತಾಳೆ. ಆ ಜಾಗಕ್ಕೆ ಬಡಾವಣೆಯ ಸ್ತ್ರೀಶಕ್ತಿ ಸಂಘವನ್ನು ತನ್ನಿ. ವಾರದ ಸಭೆ, ಉಳಿತಾಯದ ಪುಸ್ತಕ, ಹೊಸಬಳಿಗೆ ಸಾಲ ಕೊಡಬಾರದೆಂದು ಹಟ ಹಿಡಿಯುವ ಸದಸ್ಯೆ, ‘ನಾಳೆ ಗಂಡ ಬಂದು ಕರೆದರೆ ಹೋಗಿಬಿಡುತ್ತಾಳೆ, ಕಂತು ಯಾರು ಕಟ್ಟುವುದು’ ಎಂಬ ಮಾತು. ಆ ಮಾತು ಕ್ರೂರವೂ ಹೌದು, ನ್ಯಾಯವೂ ಹೌದು. ಅದಕ್ಕೆ ಶಾರದೆ ಕೊಡುವ ಉತ್ತರ ನಿಮ್ಮ ಕಾದಂಬರಿಯ ನಡುಗಂಬವಾಗಬೇಕು.

ಅತ್ತೆಯ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು. ನಾಲ್ಕನೆಯ ಅಧ್ಯಾಯದಲ್ಲಿ ಅವಳೊಬ್ಬ ಮನುಷ್ಯಳು. ಐದನೆಯದರಿಂದ ಬರೀ ವಿಷ ಕಾರುತ್ತಾಳೆ. ಆದರೆ ಶಾರದೆಯ ಅನ್ನಕ್ಕೆ ದಾರಿಯಾದ ವಿದ್ಯೆ ಬಂದದ್ದು ಯಾರಿಂದ? ಉಪ್ಪಿನ ಹದ, ಬೇಯುವ ಹದ, ಎಳೆಬಿಸಿಲಿನಲ್ಲಿ ಹಾಕಿ ಎಷ್ಟು ಹೊತ್ತಿಗೆ ಮಗುಚಬೇಕೆಂಬ ಅಂದಾಜು, ಎಲ್ಲ ಅವಳ ಕೈಯಿಂದ ಬಂದದ್ದು. ಮಗ ಸೊಸೆಯನ್ನು ಹೊಡೆಯುವಾಗ ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡ ಹೆಂಗಸೂ ಅವಳೇ. ಎರಡನ್ನೂ ಇಟ್ಟುಕೊಳ್ಳಿ. ಶಿವಮೊಗ್ಗದ ಬಾಡಿಗೆ ಕೋಣೆಯಲ್ಲಿ ಹಿಟ್ಟನ್ನು ಬೆರಳಿನಲ್ಲಿ ಹಿಸುಕಿದಾಗ ಶಾರದೆಗೆ ತನ್ನ ಕೈಯಲ್ಲಿ ಅತ್ತೆಯ ಕೈ ಕಂಡರೆ ಏನಾಗುತ್ತದೆ? ಕೃತಜ್ಞತೆಯೇ, ಸಿಟ್ಟೇ? ಇದಕ್ಕೆ ನನ್ನಲ್ಲಿ ಉತ್ತರವಿಲ್ಲ. ನೀವು ಬರೆದು ನೋಡಬೇಕು.

ಕೊನೆಯ ಅಧ್ಯಾಯದ ಕ್ಷಮೆ ಬೇಡ. ಇದನ್ನು ಕಟುವಾಗಿ ಹೇಳುತ್ತಿದ್ದೇನೆ. ನಿಮ್ಮ ಓದುಗರಲ್ಲಿ ಒಬ್ಬಳಾದರೂ ಶಾರದೆಯ ಸ್ಥಿತಿಯಲ್ಲೇ ಇರುತ್ತಾಳೆ. ಹೆಂಡತಿ ಗೆದ್ದರೆ ಹೊಡೆಯುವ ಗಂಡ ಕರಗುತ್ತಾನೆ ಎಂದು ಅವಳಿಗೆ ಹೇಳುವ ಹಕ್ಕು ನಿಮಗೂ ಇಲ್ಲ, ಪ್ರಕಾಶಕರಾದ ನಮಗೂ ಇಲ್ಲ. ಮಹಿಳಾ ಸಹಾಯವಾಣಿಯ 181 ಸಂಖ್ಯೆ ಯಾವುದಾದರೊಂದು ಪುಟದಲ್ಲಿ, ಬಸ್ ನಿಲ್ದಾಣದ ಗೋಡೆಯ ಮೇಲಾದರೂ ಕಾಣಿಸಲಿ.

ಸೋಲನ್ನು ಬರೆದರೆ ಸ್ಫೂರ್ತಿ ಎಲ್ಲಿಂದ ಬರುತ್ತದೆ ಎಂದು ನೀವು ಕೇಳಬಹುದು. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಗೆಲ್ಲುವುದಿಲ್ಲ. ಕಾಯಿಲೆ ವಾಸಿಯಾಗಿ ಮನೆಗೆ ಬಂದವಳನ್ನು ಮನೆಯವರೇ ಮತ್ತೆ ಹಿಂದಕ್ಕೆ ತಳ್ಳುತ್ತಾರೆ. ಆದರೂ ಮನೋರೋಗವೆಂದರೆ ಕಳಂಕವಲ್ಲ ಎಂಬ ಮಾತನ್ನು ಎಷ್ಟೋ ಕನ್ನಡ ಮನೆಗಳಿಗೆ ಮುಟ್ಟಿಸಿದ್ದು ಆ ಪುಸ್ತಕ. ಎಂ. ಕೆ. ಇಂದಿರಾ ಅವರ ಫಣಿಯಮ್ಮ ಬಾಲ್ಯದಲ್ಲೇ ವಿಧವೆಯಾಗಿ ಇಡೀ ಆಯಸ್ಸನ್ನು ಕಟ್ಟುಪಾಡಿನೊಳಗೆ ಸವೆಸಿದವಳು. ಮುಪ್ಪಿನಲ್ಲಿ ಆಕೆ ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆ ದಾಕ್ಷಾಯಿಣಿಯ ಪರವಾಗಿ ನಿಲ್ಲುತ್ತಾಳೆ. ಆ ನಿಲುವಿನ ತೂಕ ಬಂದದ್ದು ಅದರ ಹಿಂದಿರುವ ಅಷ್ಟೂ ವರ್ಷಗಳಿಂದ. ಶಾರದೆ ಮಳೆ ಹಿಡಿಯುವ ಮೊದಲು ಸಂಘದ ಮೊದಲ ಕಂತನ್ನು ಕಟ್ಟಿದರೆ ಸಾಕು. ಆ ಕಂತಿಗೆ ಏನೇನು ಸವೆಯಿತೆಂಬುದು ನಮಗೆ ಗೊತ್ತಿರಬೇಕು, ಅಷ್ಟೆ.

ಹಗುರ ಎಂಬುದರ ಬಗ್ಗೆಯೂ ಒಂದು ಮಾತು. ಓದುವವಳೆಂದು ನೀವು ಮನಸ್ಸಿನಲ್ಲಿಟ್ಟುಕೊಂಡಿರುವ ಹೆಂಗಸನ್ನು ನಾನೂ ಬಲ್ಲೆ. ಮೇ ಕೊನೆಯ ವಾರ ರಜೆಗೆ ಬಂದ ನೆಂಟರು ಹೊರಟುಹೋಗಿರುತ್ತಾರೆ, ಮಿಡಿ ಉಪ್ಪಿನಕಾಯಿ ಜಾಡಿ ಸೇರಿರುತ್ತದೆ, ಮಕ್ಕಳ ಪುಸ್ತಕಗಳಿಗೆ ರಟ್ಟು ಹಾಕಿ ಮುಗಿದಿರುತ್ತದೆ. ಎರಡು ತಿಂಗಳಲ್ಲಿ ಮೊದಲ ಬಾರಿ ಮಧ್ಯಾಹ್ನದ ಒಂದು ಗಂಟೆ ಅವಳ ಪಾಲಿಗೆ ಸಿಗುತ್ತದೆ. ಅವಳಿಗೆ ಗೋಜಲಾದ ವಾಕ್ಯ ಬೇಡ, ಪಾತ್ರಗಳ ಜಾತ್ರೆ ಬೇಡ, ಅದು ನಿಜ. ಆದರೆ ಆಗಷ್ಟೇ ನೂರಾರು ಹಪ್ಪಳ ಒತ್ತಿ ಮುಗಿಸಿದ ಕೈಯಲ್ಲಿ ನಿಮ್ಮ ಪುಸ್ತಕ ಹಿಡಿದಿರುತ್ತಾಳೆ. ಕೆಲಸ ಹೇಗಿರುತ್ತದೆ, ಬೆನ್ನು ಎಲ್ಲಿ ನೋಯುತ್ತದೆ ಎಂಬುದು ಅವಳಿಗೆ ನಮ್ಮಿಬ್ಬರಿಗಿಂತ ಚೆನ್ನಾಗಿ ಗೊತ್ತು. ಆ ಕೆಲಸವನ್ನು ಒಂದು ವಾಕ್ಯದಲ್ಲಿ ದಾಟಿಹೋಗುವ ಕಾದಂಬರಿಯನ್ನು ಅವಳು ನಂಬುವುದಿಲ್ಲ.

ಭಾಷೆ ಒಳ್ಳೆಯದಿದೆ. ‘ನಾನು ಅಬಲೆಯಲ್ಲ’ ಎಂಬ ಬಗೆಯ ಸ್ವಗತಗಳನ್ನೆಲ್ಲ ಹೊಡೆದುಹಾಕಿದ್ದೇನೆ, ಬೇಸರಿಸಬೇಡಿ. ಸಂಭಾಷಣೆಯಲ್ಲಿ ನಿಮ್ಮ ಕಡೆಯ ಮಾತಿನ ರೀತಿಯನ್ನು ಹಾಗೇ ಉಳಿಸಿ, ಪುಸ್ತಕಕ್ಕಾಗಿ ತಿದ್ದಲು ಹೋಗಬೇಡಿ.

ನಲವತ್ತೇಳನೆಯ ವಯಸ್ಸಿನಲ್ಲಿ ಮೊದಲ ಕಾದಂಬರಿ ಬರೆಯುವುದು ತಡವಾಯಿತೇ ಎಂದು ಕೇಳಿದ್ದೀರಿ. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಇಂದಿರಾ ಅವರಿಗೆ ಹನ್ನೆರಡರಲ್ಲಿ ಮದುವೆಯಾಗಿತ್ತು, ಶಾಲೆಯ ಓದು ಅಲ್ಲಿಗೆ ನಿಂತಿತ್ತು. ಮೊದಲ ಕಾದಂಬರಿ ‘ತುಂಗಭದ್ರ’ ಪ್ರಕಟವಾದದ್ದು 1963ರಲ್ಲಿ. ಲೆಕ್ಕ ಹಾಕಿ ನೋಡಿ.

ಹಸ್ತಪ್ರತಿಯನ್ನು ಪೆನ್ಸಿಲ್ ಗುರುತುಗಳೊಂದಿಗೆ ಅಂಚೆಯಲ್ಲಿ ಹಿಂದಿರುಗಿಸುತ್ತಿದ್ದೇನೆ. ಇಡೀ ಕಾದಂಬರಿಯನ್ನು ಒಮ್ಮೆಗೇ ತಿದ್ದಬೇಡಿ. ಮೊದಲು ಸಂಘದ ಸಭೆಯ ಅಧ್ಯಾಯವೊಂದನ್ನು ಹೊಸದಾಗಿ ಬರೆದು ಕಳಿಸಿ. ಶಾರದೆ ಎಷ್ಟು ಸಾಲ ಕೇಳಿದಳು, ಎಷ್ಟು ಸಿಕ್ಕಿತು, ಜಾಮೀನಿಗೆ ಯಾರು ಮುಂದೆ ಬಂದರು ಎಂಬುದು ಅದರಲ್ಲಿ ಇರಲಿ. ಅದು ಕೈಸೇರಿದ ಮೇಲೆ ಉಳಿದದ್ದನ್ನು ಫೋನಿನಲ್ಲಿ ಮಾತಾಡೋಣ.

ವಿಶ್ವಾಸದಿಂದ,
ಸಂಪಾದಕಿ