ರಾಷ್ಟ್ರನಾಯಕರಿಗೆ ತೋರುವ ಅಗೌರವ ಅಪರಾಧವಾಗಬೇಕೇ?

ಅಧಿಕಾರದಲ್ಲಿರುವ ರಾಷ್ಟ್ರನಾಯಕರ ಬಗ್ಗೆ ಸಾರ್ವಜನಿಕವಾಗಿ ಅಗೌರವದಿಂದ ಮಾತನಾಡುವುದನ್ನು ಶಿಕ್ಷಿಸಬೇಕೇ ಎಂಬ ಪ್ರಶ್ನೆಗೆ, ಬೇಡ ಎಂಬುದೇ ನನ್ನ ದೃಢವಾದ ಉತ್ತರ. ಪೊಲೀಸರು, ತನಿಖಾ ಸಂಸ್ಥೆಗಳು, ಬೊಕ್ಕಸ ಎಲ್ಲವೂ ಸರ್ಕಾರದ ಅಧೀನದಲ್ಲಿರುವಾಗ ಸಾಮಾನ್ಯ ಪ್ರಜೆಯ ಬಳಿ ಉಳಿಯುವುದು ಮಾತು ಮತ್ತು ಮತ ಮಾತ್ರ.

1975ರಲ್ಲಿ ಆಸ್ಟ್ರಿಯಾದ ಚಾನ್ಸಲರ್ ಬ್ರೂನೋ ಕ್ರೈಸ್ಕಿ ಅವರ ನಡೆಯನ್ನು ಅನೈತಿಕವೆಂದು ಬರೆದ ಪತ್ರಕರ್ತ ಲಿಂಗೆನ್ಸ್ ಅವರಿಗೆ ಅಲ್ಲಿನ ನ್ಯಾಯಾಲಯಗಳು ದಂಡ ವಿಧಿಸಿದ್ದವು. 1986ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯವು ಇದು ವಾಕ್ ಸ್ವಾತಂತ್ರ್ಯದ ಉಲ್ಲಂಘನೆಯೆಂದು ತೀರ್ಪಿತ್ತು, ರಾಜಕಾರಣಿಯು ಖಾಸಗಿ ವ್ಯಕ್ತಿಗಿಂತ ಹೆಚ್ಚಿನ ಟೀಕೆಯನ್ನು ಸಹಿಸಬೇಕೆಂದೂ, ಸಂಗತಿಗಳನ್ನು ರುಜುವಾತುಪಡಿಸಬಹುದೇ ಹೊರತು ಅಭಿಪ್ರಾಯಕ್ಕೆ ರುಜುವಾತು ಕೇಳಲಾಗದೆಂದೂ ಸ್ಪಷ್ಟಪಡಿಸಿತು. ಇದರಲ್ಲಿ ಎರಡನೆಯ ಅಂಶವೇ ಹೆಚ್ಚು ಮುಖ್ಯವೆಂದು ನನಗನಿಸುತ್ತದೆ. "ಈ ಆಡಳಿತ ನಾಚಿಕೆಗೇಡು" ಎಂಬ ಮಾತಿಗೆ ಸಾಕ್ಷ್ಯ ತರುವುದಾದರೂ ಹೇಗೆ?

ಮಾತು ಒರಟಾಗಿದ್ದಾಗ ಏನು? 2008ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸರ್ಕೋಜಿ ಅವರು ಹಿಂದೆ ಒಬ್ಬರನ್ನು ಬೈಯಲು ಬಳಸಿದ್ದ ಪದಗಳನ್ನೇ ಫಲಕದಲ್ಲಿ ಬರೆದು ಅವರ ಎದುರು ಹಿಡಿದ ಪ್ರತಿಭಟನಕಾರನಿಗೆ 30 ಯೂರೋ ದಂಡ ಬಿದ್ದಿತು, ಅದನ್ನು ಅಮಾನತಿನಲ್ಲಿ ಇಡಲಾಗಿತ್ತಾದರೂ. ಇದೇ ಮಾನವ ಹಕ್ಕುಗಳ ನ್ಯಾಯಾಲಯವು 2013ರಲ್ಲಿ ಆ ಶಿಕ್ಷೆ ಸರಿಯಲ್ಲವೆಂದಿತು. ಅದೇ ವರ್ಷ ಫ್ರಾನ್ಸ್ ಅಧ್ಯಕ್ಷರ ಅವಮಾನವೆಂಬ ಅಪರಾಧವನ್ನೇ ಕಾನೂನಿನಿಂದ ತೆಗೆದುಹಾಕಿತು. ಟರ್ಕಿಯ ದಂಡಸಂಹಿತೆಯ 299ನೇ ವಿಧಿಯು ಮಾತ್ರ ಅಂಥದೇ ಅಪರಾಧಕ್ಕೆ 1ರಿಂದ 4 ವರ್ಷಗಳ ಸೆರೆವಾಸ ವಿಧಿಸುತ್ತದೆ.

ಹಿಂಸೆಗೆ ಪ್ರಚೋದಿಸುವುದು, ಕೊಲೆ ಬೆದರಿಕೆ ಹಾಕುವುದು, ಸುಳ್ಳೆಂದು ತಿಳಿದೂ ಆರೋಪ ಹೊರಿಸುವುದು ಬೇರೆಯೇ ವಿಷಯ. ಅವುಗಳಿಂದ ಯಾವ ಪ್ರಜೆಗೂ ಸಿಗುವ ರಕ್ಷಣೆಯೇ ನಾಯಕರಿಗೂ ಸಾಕು.